ತೌಡನ ಸಾಕ್ಷಿ

ನ್ಯಾಮತಿ
18–11–2024, ಕಾರ್ತಿಕದ ಮೂರನೇ ಸೋಮವಾರ

ಪ್ರೀತಿಯ ತಂಗಿ ದುರ್ಗಾಂಬಿಕಾಳಿಗೆ ಅಣ್ಣ ಬೆನಕಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಇಲ್ಲಿ ನಾವೆಲ್ಲ ಎಂದರೆ ನಾನೊಬ್ಬನೇ, ಅದರಲ್ಲೂ ಸದ್ಯ ಅರ್ಧ ಕ್ಷೇಮ. ಬಲಗಣ್ಣಿನ ಪೊರೆ ತೆಗೆಸಿಕೊಂಡು ಐದು ವಾರವಾಯಿತು, ಎಡಗಣ್ಣಿನ ಸರದಿ ಸಂಕ್ರಾಂತಿ ಕಳೆದ ಮೇಲಂತೆ. ನಿನ್ನ ಆರೋಗ್ಯ ಹೇಗಿದೆ ತಾಯಿ? ಊಟ ಸೇರುತ್ತದೆಯೇ? ಸಂಜೆ ಹೊತ್ತಿಗೆ ಕಾಲು ಊದುತ್ತವೆಯೇ? ಅವ್ವ ನಿನ್ನನ್ನು ಹೊತ್ತಾಗ ಏಳನೇ ತಿಂಗಳಿಗೆಲ್ಲ ಕಾಲುಂಗುರ ಬೆರಳಿಗೆ ಕಚ್ಚಿಕೊಂಡು, ಸೋಪಿನ ನೀರು ಹಚ್ಚಿ ಬಿಡಿಸಿದವನು ನಾನು. ಆಗ ನನಗೆ ಇಪ್ಪತ್ತೆರಡು. ಮದುವೆಗೆ ಬಂದ ಮಗ ಮನೆಯಲ್ಲಿರುವಾಗ ಅವ್ವ ಬಸುರಿಯಾದಳಲ್ಲ ಎಂದು ನಾಚಿ, ಎರಡು ತಿಂಗಳು ಮುಂದಿನ ಬೀದಿ ಬಿಟ್ಟು ಹಿತ್ತಲಿನಿಂದ ಓಡಾಡಿದ್ದೆ. ನೀನು ಹುಟ್ಟಿದ ದಿನ ಆ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಡೀ ಬೀದಿಗೆ ಸಕ್ಕರೆ ಹಂಚಿದೆ. ನಿನ್ನ ಕಾಲುಂಗುರವನ್ನು ಈಗಲೇ ಸ್ವಲ್ಪ ಸಡಿಲ ಮಾಡಿಸಿಕೊ.

ನಿನಗೆ ಏಳು ತಿಂಗಳು ಎಂಬುದು ನನಗೆ ಹೇಗೆ ಗೊತ್ತಾಯಿತು ಎನ್ನುತ್ತೀಯಾ? ಚೌಡಕ್ಕ ಹೇಳಿದಳು. ಸೋಮವಾರ ಬಂದರೆ ಜೋಳದ ಡಬ್ಬ ಹೊತ್ತು ನಮ್ಮ ಗಿರಣಿಗೆ ಬರುತ್ತಿದ್ದಳಲ್ಲ, ನಿನಗೆ ಸೆರಗಿನಿಂದ ಹುಣಸೆಹಣ್ಣಿನ ಉಂಡೆ ತೆಗೆದು ಕೊಡುತ್ತಿದ್ದವಳು, ಅವಳೇ. ಚನ್ನಗಿರಿಯಲ್ಲಿರುವ ಮಗಳನ್ನು ದಾವಣಗೆರೆಯ ಡಾಕ್ಟರಿಗೆ ತೋರಿಸಲು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆಯಂತೆ. "ನಿನ್ ತಂಗಿ ಮುಖದಾಗೆ ಒಳ್ಳೆ ಕಳೆ ಬಂದೈತೆ ಕಣಪ್ಪ. ಆದ್ರೆ ತವರಿನ ಮಾತು ತೆಗೆದ್ರೆ ಬಸ್ಸಿನ ಬೋರ್ಡ್ ನೋಡ್ತಾ ನಿಂತ್ಕೊಂತಾಳೆ" ಎಂದಳು. ನಿನ್ನ ಬಾಯಿಂದ ಕೇಳಬೇಕಾದ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳಿದೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಇನ್ನು ಈ ನಂಬರಿಗೆ ಫೋನ್ ಮಾಡಬೇಡ ಎಂದು ಕೂಗಾಡಿದವನು ನಾನು, ಮಾತು ಉಳಿಸಿಕೊಂಡವಳು ನೀನು. ಮೂರು ಸಲ ನಿನ್ನ ಹೆಸರು ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಅದಕ್ಕೇ ಈ ಪತ್ರ. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ತಂದೆ, ಅದರಲ್ಲಿ ನನ್ನ ಮಾತು ಹಿಡಿಸಲಿಲ್ಲ. ಈ ಹಾಳೆಗಳು ನಿನ್ನ ಬಿ.ಎಡ್. ನೋಟ್‌ಬುಕ್ಕಿನ ಹಿಂದೆ ಉಳಿದಿದ್ದವು. ಮೇಡಂ ಆಗಿದ್ದೀಯ ಎಂದು ನನ್ನ ಒತ್ತಕ್ಷರಗಳಿಗೆ ಕೆಂಪು ಶಾಯಿ ಹಾಕಬೇಡ. ಓದದೆ ಹರಿಯಲೂ ಬೇಡ.

ಇಲ್ಲಿಯ ಸುದ್ದಿ ಎಂದು ಹೇಳಿಕೊಳ್ಳುವಂಥದ್ದು ಬಹಳ ಇಲ್ಲ. ಪ್ಯಾಕೆಟ್ ಹಿಟ್ಟು ಬಂದ ಮೇಲೆ ಗಿರಣಿಗೆ ಮೊದಲಿನ ಗದ್ದಲವಿಲ್ಲ. ನಾಲ್ಕು ಗಂಟೆಗೆಲ್ಲ ಬೆಲ್ಟ್ ಕಳಚಿ ಕಟ್ಟೆಯ ಮೇಲೆ ಕೂರುತ್ತೇನೆ. ಅಡುಗೆ ಅಷ್ಟಕ್ಕಷ್ಟೇ, ಮೂರು ರೊಟ್ಟಿ ತಟ್ಟಿದರೆ ಎರಡು ನನಗೆ, ಒಂದು ತೌಡನಿಗೆ. ಗಿರಣಿಯ ಹಿಂದಿನ ನಿನ್ನ ಕೋಣೆ ಹಾಗೇ ಇದೆ. ಶುಕ್ರವಾರ ಕಸ ಗುಡಿಸುತ್ತೇನೆ, ಕನ್ನಡಿಗೆ ನೀನು ಅಂಟಿಸಿದ ಬಿಂದಿಗಳನ್ನು ಮಾತ್ರ ಕಿತ್ತಿಲ್ಲ. ಮಾತಾಡುವ ಜೀವ ಇಲ್ಲದೆ ನಾಯಿಯೊಂದಿಗೆ ಮಾತಾಡುವುದು ರೂಢಿಯಾಗಿದೆ. ತೌಡನಿಗೂ ವಯಸ್ಸಾಯಿತು. ಹೊನ್ನಾಳಿಯಲ್ಲಿ ಓದುವಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತೆಂದು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆಯಲ್ಲ, ಅದಕ್ಕೆ ಈಗ ಒಂಬತ್ತು. ಮೈ ಬಣ್ಣ ತೌಡಿನಂತಿದೆ ಎಂದು ಹೆಸರಿಟ್ಟವಳೂ ನೀನೇ. ಮೀಸೆಯ ಹತ್ತಿರ ಬೆಳ್ಳಗಾಗಿದೆ, ಹಿಟ್ಟೋ ನರೆಯೋ ಹೇಳುವುದು ಕಷ್ಟ.

ಈ ತೌಡನ ವಿಷಯವನ್ನೇ ನಿನಗೆ ಹೇಳಬೇಕು. ನಗಬೇಡ. ಐವತ್ತಮೂರು ವರ್ಷದ ಗಂಡಸು ನಾಯಿಯ ವಿಷಯ ಹೇಳಲು ನಾಲ್ಕು ಹಾಳೆ ಕೆಡಿಸಿದ ಎಂದು ಜಗಳೂರಿನ ನಿನ್ನ ಸ್ಟಾಫ್ ರೂಮಿನಲ್ಲಿ ಹೇಳಿ ನಗಬೇಡ. ತೌಡ ಬೊಗಳುವ ಜನ, ಬೊಗಳದ ಜನ ಎಂದು ಎರಡು ಪಂಗಡ ಇರುವುದನ್ನು ನೀನೂ ನೋಡಿದ್ದೀಯ. ಹರಿದ ಚಪ್ಪಲಿಯವರಿಗೆ, ಹಳೇ ಪೇಪರ್ ಕೇಳಿಕೊಂಡು ಬರುವವರಿಗೆ, ಹೆಲ್ಮೆಟ್ ತೆಗೆಯದೆ ಒಳಬರುವವರಿಗೆ, ಬುರ್ಖಾ ಹಾಕಿ ಬರುವ ಹೆಣ್ಣುಮಕ್ಕಳಿಗೆ ಬೊಗಳುತ್ತಿತ್ತು. ಬಿಳಿ ಅಂಗಿ ಹಾಕಿ ಕಾರಿನಿಂದ ಇಳಿದವರಿಗೆ ಬಾಲ ಆಡಿಸುತ್ತಿತ್ತು. ಎಲ್ಲರೂ ಮೊದಲ ಸಲ ಬಂದವರೇ. ಆದರೆ ಗಿರಣಿ ಓಡುತ್ತಿರುವಾಗ ಯಾರೇ ಬರಲಿ, ಕಣ್ಣು ಮುಚ್ಚಿ ಮಲಗಿರುತ್ತಿತ್ತು. ಗಿರಣಿ ಓಡುವಾಗ ಬರುವವನು ಗಿರಾಕಿ, ನಿಂತಾಗ ಬರುವವನು ಕಳ್ಳ ಎಂಬುದು ಅದಕ್ಕೆ ಗೊತ್ತು ಎಂದು ನಾನು ಜಂಬ ಕೊಚ್ಚಿಕೊಂಡೆ. ಹೋಟೆಲಿನ ಮೂಕಪ್ಪ, ಹೆಸರು ಮೂಕಪ್ಪನಾದರೂ ಬಾಯಿ ಮುಚ್ಚದವನು, ಅದಕ್ಕೆ ಇನ್ನಷ್ಟು ಉಪ್ಪು ಖಾರ ಹಾಕಿದ: "ಮನುಷ್ಯನಿಗೆ ಸಿಗದ ವಾಸನೆ ನಾಯಿಗೆ ಸಿಕ್ತೈತೆ ಕಣ್ ಬೆನಕಪ್ಪ. ಎಂಥೋರು, ಯಾವ ಕುಲದೋರು ಅಂತ ಬಾಗಿಲಾಗೇ ಹೇಳ್ಬಿಡ್ತೈತೆ." ಬಿಳಿ ಅಂಗಿಯವನೊಬ್ಬ ಮೋಟಾರ್ ಕಂಪನಿಯಿಂದ ಬಂದಿದ್ದೇನೆಂದು ನಮ್ಮ ಸ್ಟಾರ್ಟರ್ ಬಿಚ್ಚಿಕೊಂಡು ಹೋಗಿ ನಾಪತ್ತೆಯಾದನಲ್ಲ, ಆವತ್ತು ತೌಡ ಅವನ ಕೈ ನೆಕ್ಕಿತ್ತು. ಮೂಕಪ್ಪನಾಗಲಿ ನಾನಾಗಲಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ದಿನ ನಾಯಿಗೆ ಮೈ ಸರಿ ಇರಲಿಲ್ಲ ಎಂದುಬಿಟ್ಟೆವು.

ಇನ್ನು ಆ ಮಂಗಳವಾರದ ಮಾತು. ನನಗೆ ಬರೆಯಲು ಕಷ್ಟ, ನಿನಗೆ ಓದಲು ಕಷ್ಟ, ಆದರೂ ಬರೆಯುತ್ತೇನೆ. ಹಿಂದಿನ ದಿನವೇ ನೀನು ಎಲ್ಲ ಹೇಳಿದ್ದೆ. ಫೋನಿನಲ್ಲಿ ಫೋಟೋ ತೋರಿಸಿದ್ದೆ. ಹೆಸರು ತಿಮ್ಮೇಶ್, ಜಗಳೂರಿನಲ್ಲಿ ಲೈನ್‌ಮನ್, ನಮ್ಮ ಜಾತಿಯವರಲ್ಲ, ಮಂಗಳವಾರ ಬರುತ್ತಾರೆ, ನೀನು ಒಂದು ಸಲ ಕೂತು ಮಾತಾಡು ಅಣ್ಣ, ಆಮೇಲೆ ಬೇಡ ಅಂದರೆ ಬೇಡ ಅನ್ನು ಎಂದಿದ್ದೆ. ಮಂಗಳವಾರವೇ ಯಾಕೆ ಎಂದರೆ, ಲೈನ್ ಕೆಲಸಕ್ಕೆಂದು ಆವತ್ತು ನ್ಯಾಮತಿಯಲ್ಲಿ ಹತ್ತರಿಂದ ಐದರವರೆಗೆ ಕರೆಂಟ್ ತೆಗೆಯುವವರಿದ್ದರು. ತಿಮ್ಮೇಶ್ ಅವರು ಅದನ್ನು ಇಲ್ಲಿಯ ಸ್ನೇಹಿತರಿಂದ ತಿಳಿದುಕೊಂಡು, ಗಿರಣಿ ನಿಂತಿರುವ ದಿನವಾದರೆ ಅಣ್ಣನಿಗೆ ಪುರುಸೊತ್ತು ಇರುತ್ತದೆ, ಕೂಗದೆ ನಾಲ್ಕು ಮಾತಾಡಬಹುದು ಎಂದು ಆ ದಿನವನ್ನೇ ಆರಿಸಿಕೊಂಡಿದ್ದರು. ನನ್ನ ಅನುಕೂಲ ನೋಡಿ ಬಂದ ಮನುಷ್ಯ. ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದರು, ಕಾಲಲ್ಲಿ ಹೊಸ ಚಪ್ಪಲಿ. ಗಿರಣಿಯವರ ಮನೆಗೆ ಬರಿಗೈಯಲ್ಲಿ ಬರಬಾರದು ಎಂದು ಬಟ್ಟೆಯ ಚೀಲದಲ್ಲಿ ಐದು ಸೇರು ಬಿಳಿಜೋಳ ತಂದಿದ್ದರು. ಮೇಲೆ ಒಂದು ಕಡೆ 'ಬರುತ್ತಾನೆ' ಎಂದು ಬರೆದು ಗೀಟು ಹಾಕಿ 'ಬರುತ್ತಾರೆ' ಎಂದು ತಿದ್ದಿದ್ದೇನೆ, ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಎರಡು ವರ್ಷದ ಅಭ್ಯಾಸ ಒಂದೇ ದಿನಕ್ಕೆ ಹೋಗುವುದಿಲ್ಲ.

ಹೊಸ್ತಿಲ ಹತ್ತಿರ ನಿಂತು ನಮಸ್ಕಾರ ಮಾಡಿದರು. ಫೋಟೋದಲ್ಲಿದ್ದ ಮುಖವೇ, ಅನುಮಾನವಿರಲಿಲ್ಲ. ಆಗ ನನ್ನ ಕಣ್ಣು ಚೆನ್ನಾಗಿಯೇ ಇದ್ದವು. ನಾನು ಕುರ್ಚಿಯಿಂದ ಏಳದೆ "ಯಾರ್ರೀ ನೀವು?" ಎಂದೆ. ತೌಡ ಎದ್ದು ಬೊಗಳಿತು, ಮೇಲೆ ಬಿತ್ತು, ಚೀಲಕ್ಕೆ ಬಾಯಿ ಹಾಕಿ ಎಳೆಯಿತು. ಜೋಳವೆಲ್ಲ ಅಂಗಳದ ತುಂಬ ಚೆಲ್ಲಿತು. ಅವರು ಓಡಲಿಲ್ಲ, ಕಲ್ಲು ಎತ್ತಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಜೋಳ ಬಳಿಯತೊಡಗಿದರು. ನಾನು ನೋಡುತ್ತ ಕೂತಿದ್ದೆ, ನಾಯಿಯನ್ನು ಹಿಂದಕ್ಕೆ ಕರೆಯಲಿಲ್ಲ. ಕರೆಯದಿದ್ದದ್ದಷ್ಟೇ ಅಲ್ಲ, "ನಾಯಿಗೆ ಗೊತ್ತಾಗ್ತೈತೆ, ಮನಿಗೆ ಬರಬೇಕಾದೋರು ಯಾರು, ಬರಬಾರದೋರು ಯಾರು ಅಂತ" ಎಂದೆ. ನೀನು ಒಳಗಿನಿಂದ ಬಂದು ಅವರ ಪಕ್ಕದಲ್ಲಿ ಕೂತು ಉಳಿದ ಜೋಳ ಬಳಿದೆ. ಎದ್ದು ನಿಂತು ನನಗೆ ಒಂದೇ ಮಾತು ಹೇಳಿದೆ: "ಅವರು ಯಾರು ಅಂತ ನಿನಗೆ ಗೊತ್ತಿತ್ತು ಅಣ್ಣ." ಮರುವಾರ ಬಟ್ಟೆಬರೆ ತೆಗೆದುಕೊಂಡು ಜಗಳೂರಿಗೆ ಹೋದೆ. ನೀನು ಕಳಿಸಿದ ಲಗ್ನಪತ್ರಿಕೆಯನ್ನು ಮೋಟಾರಿನ ಕೆಳಗೆ ಅದು ಅಲುಗದಂತೆ ಆಪು ಇಟ್ಟಿದ್ದೇನೆಂದು ಊರಿಗೆಲ್ಲ ಹೇಳಿದೆ. ಅದು ಸುಳ್ಳು. ಅವ್ವನ ಫೋಟೋದ ಹಿಂದೆ ಇಟ್ಟಿದ್ದೇನೆ.

ನಾಯಿ ಬೊಗಳಿದರೆ ದೇವಲೋಕ ಹಾಳಾದೀತೇ ಎನ್ನುತ್ತಾರೆ. ದೇವಲೋಕದ ಸಂಗತಿ ನನಗೆ ಗೊತ್ತಿಲ್ಲ, ನನ್ನ ಮನೆಯಂತೂ ಹಾಳಾಯಿತು. ಆದರೆ ಎರಡು ವರ್ಷ ನಾನು ಹಾಗೆಂದುಕೊಳ್ಳಲಿಲ್ಲ. ನಾನು ತಪ್ಪು ಮಾಡಿರಬಹುದು, ತೌಡ ಮಾಡುವುದಿಲ್ಲ, ಬಾಯಿಲ್ಲದ ಪ್ರಾಣಿ ಸುಳ್ಳು ಸಾಕ್ಷಿ ಹೇಳುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ. ಸಿಕ್ಕವರಿಗೆಲ್ಲ ಅದನ್ನೇ ಹೇಳಿದೆ. ಜೊತೆಗೆ, ತಂಗಿಯ ಸಲುವಾಗಿ ಮದುವೆಯನ್ನೇ ಬಿಟ್ಟೆ, ಅವಳು ನನ್ನನ್ನು ಬಿಟ್ಟಳು ಎಂದೂ ಹೇಳಿಕೊಂಡು ತಿರುಗಿದೆ. ಅದೂ ಪೂರ್ತಿ ನಿಜವಲ್ಲ, ಇವತ್ತು ಒಪ್ಪಿಕೊಂಡುಬಿಡುತ್ತೇನೆ. ತ್ಯಾವಣಿಗೆಯಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಗಿರಣಿಯಿಂದ ನೆಟ್ಟಗೆ ಹೋಗಿದ್ದೆ. "ಹುಡುಗನ ತಲೆ ಆಗ್ಲೇ ನರೆತೈತೆ" ಎಂದು ಆ ಹುಡುಗಿ ಬೇಡ ಅಂದಳು. ಅದು ನರೆಯಲ್ಲ, ಹಿಟ್ಟು. ಹೇಳಲು ಸಂಕೋಚವಾಗಿ ಸುಮ್ಮನೆ ಎದ್ದು ಬಂದೆ. ಆಮೇಲೆ ಎಲ್ಲಿಗೂ ಹೋಗಲಿಲ್ಲ. ಆ ಭಾರವನ್ನು ನಿನ್ನ ತಲೆಗೆ ಹೊರಿಸಿದ್ದು ಅನ್ಯಾಯ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕಣ್ಣು ಮಂಜಾಗತೊಡಗಿತು. ಮೊದಲು ಹಿಟ್ಟಿನ ಧೂಳು ಎಂದುಕೊಂಡೆ. ಯುಗಾದಿ ಹೊತ್ತಿಗೆ ಬಾಗಿಲಲ್ಲಿ ನಿಂತವರ ಮುಖವೇ ಕಾಣಿಸದು, ಬೆಳಕಿಗೆ ಅಡ್ಡ ನಿಂತ ಆಕಾರ ಅಷ್ಟೇ. ಅದೇ ಹೊತ್ತಿಗೆ ತೌಡ ಎಲ್ಲರಿಗೂ ಬೊಗಳಲು ಶುರು ಮಾಡಿತು. ಬಿಳಿ ಅಂಗಿಯವರಿಗೂ ಬೊಗಳಿತು, ಹಾಲಿನವನಿಗೂ ಬೊಗಳಿತು. ಎಂಟು ವರ್ಷ ಬನ್ನು ಹಾಕಿದ ಮೂಕಪ್ಪನ ಪಂಚೆ ಹಿಡಿದು ಎಳೆಯಿತು. ಸಾಸ್ವೆಹಳ್ಳಿಯ ಸೋದರಮಾವ ಬಂದವನು ಗೇಟಿನಿಂದಲೇ ಹಿಂದಿರುಗಿದ. ಹದಿನೈದು ವರ್ಷದಿಂದ ಬರುತ್ತಿದ್ದ ಚೌಡಕ್ಕನ ಮೇಲೂ ಹಾರಿತು, ಅವಳ ಡಬ್ಬ ಉರುಳಿತು. "ನಿನ್ ನಾಯಿಗೆ ಹುಚ್ಚು ಹಿಡಿದೈತೆ, ಕಟ್ ಹಾಕು" ಎಂದು ಹೋದವಳು ಮತ್ತೆ ಬರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಇಂಜೆಕ್ಷನ್ ಮಾಡಿಸಿದೆ, ಮಾರಮ್ಮನ ಗುಡಿಯ ಭಂಡಾರ ಹಚ್ಚಿದೆ, ಏನೂ ಆಗಲಿಲ್ಲ. ಎಷ್ಟೋ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲಿಗೆ ಒಂದು ನೆರಳೂ ಬೀಳುತ್ತಿರಲಿಲ್ಲ. ಹಾಗೆ ಕೂತಾಗ ನೀನು ಸ್ಕೂಲಿನಿಂದ ಬಂದು ಬ್ಯಾಗನ್ನು ಜೋಳದ ಮೂಟೆಯ ಮೇಲೆ ಎಸೆಯುತ್ತಿದ್ದ ಸದ್ದು ಕಿವಿಗೆ ಬೀಳುತ್ತಿತ್ತು. ನಿನ್ನ ನೆನಪಾಗುತ್ತಿತ್ತು ಎಂದು ಸುತ್ತಿ ಬಳಸಿ ಬರೆಯುವುದೇಕೆ, ದಿನಾ ಆಗುತ್ತಿತ್ತು, ಈಗಲೂ ಆಗುತ್ತದೆ.

ಕಡೆಗೆ ಹೊನ್ನಾಳಿಯಲ್ಲಿ ಕಣ್ಣಿನ ಕ್ಯಾಂಪ್ ಆಯಿತು. ಫಾರ್ಮಿನಲ್ಲಿ 'ಜೊತೆಗೆ ಬಂದವರ ಹೆಸರು' ಎಂದೊಂದು ಗೆರೆ ಇತ್ತು. ಎಲ್ಲರ ಹಿಂದೆ ಹೆಂಡತಿ, ಮಗ, ಸೊಸೆ ಯಾರಾದರೂ ನಿಂತಿದ್ದರು. ಜೊತೆಗೆ ಯಾರೂ ಇಲ್ಲದಿದ್ದರೆ ಆಪರೇಷನ್ ಮಾಡುವುದಿಲ್ಲ ಎಂದು ನರ್ಸಮ್ಮ ಹೇಳಿದ್ದಕ್ಕೆ ಹೆದರಿ, ತೌಡಪ್ಪ ಎಂದು ಬರೆಸಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ ಮೇಲೆ ಆಯಮ್ಮ ವರಾಂಡದಲ್ಲಿ ನಿಂತು "ತೌಡಪ್ಪ ಯಾರ್ರೀ? ಬೆನಕಪ್ಪನ ಕಡೆಯೋರು ತೌಡಪ್ಪ ಬರ್ರಿ" ಎಂದು ಮೂರು ಸಲ ಕೂಗಿದಳು. ನನಗೆ ನಗು ಬಂತು. ನಕ್ಕರೆ ಕಣ್ಣು ಅಲುಗುತ್ತದೆ ಎಂದು ಬೈದರು. ಆಮೇಲೆ ಅಳು ಬಂತು, ಅದಕ್ಕೂ ಬೈದರು. ಪಕ್ಕದ ಮಂಚದವರ ಸೊಸೆ ನನಗೂ ಗಂಜಿ ಕುಡಿಸಿದಳು. ಬಾಯಿಗೆ ಲೋಟ ಹಿಡಿದಾಗ ಯಾರಮ್ಮ ನೀನು ಎಂದು ಕೇಳಿದೆ. "ಯಾರಾದ್ರೇನು ಯಜಮಾನ್ರೇ, ಕುಡೀರಿ" ಎಂದಳು.

ಊರಿಗೆ ಬಂದ ಮೇಲೆ, ಕಪ್ಪು ಕನ್ನಡಕ ತೆಗೆದ ವಾರ, ನಾನೇ ಚೌಡಕ್ಕನ ಮನೆಗೆ ಹೋಗಿ ಗಿರಣಿಗೆ ಬಾ ಎಂದು ಕರೆದೆ. ಆ ಕೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಸೋಮವಾರ ಬಂದಳು. ಕರೆಂಟ್ ಹೋಗಿ ಗಿರಣಿ ನಿಂತಿತ್ತು. ಮುಖ ಸ್ಪಷ್ಟವಾಗಿ ಕಂಡಿತು. "ಬಾ ಚೌಡಕ್ಕ" ಎಂದೆ. ತೌಡ ಕಿವಿಯನ್ನೂ ಎತ್ತಲಿಲ್ಲ. ಅವಳು ಡಬ್ಬ ಇಳಿಸಿ ನನ್ನನ್ನೂ ನಾಯಿಯನ್ನೂ ನೋಡಿದಳು. ಈಗ ಹುಚ್ಚು ಬಿಟ್ಟಿತೇನೋ ಎಂದು ನಾನು ಹೇಳಿದ್ದಕ್ಕೆ, "ಹುಚ್ಚು ಅದಕ್ಕಿರ್ಲಿಲ್ಲ ಬಿಡು. ನೀನು 'ಯಾರು' ಅಂತ ಕೇಳಿದ್ ಮ್ಯಾಲೇ ಅದು ಎದ್ದೇಳ್ತಿತ್ತು. ನಂಗೆ ಆವತ್ತೇ ಅನ್ನಿಸ್ತು" ಎಂದಳು. ನಾನು ಮೂಕಪ್ಪನ ವಾಸನೆಯ ಮಾತು ಹೇಳಿದೆ, ನಾಯಿಗೆ ಕುಲ ಗೊತ್ತಾಗುತ್ತದಂತೆ ಎಂದೆ. ಚೌಡಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ನಿನ್ ತಂಗಿ ಗಂಡ ಯಾವ ಜನವೋ ನಾನೂ ಅದೇ ಜನ. ಇಷ್ಟು ವರ್ಷ ನಂಗೆ ಬೊಗಳ್ಲಿಲ್ವಲ್ಲ, ನಿನ್ ನಾಯಿಗೆ ನೆಗಡಿ ಆಗಿತ್ತಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ತಲೆ ತಗ್ಗಿಸಿ ಹೆಗಲ ಮೇಲಿನ ಹಿಟ್ಟು ಕೊಡವಿಕೊಂಡೆ. ಆಗಲೇ ಇನ್ನೊಂದನ್ನೂ ಗಮನಿಸಿದೆ. ಹದಿನೈದು ವರ್ಷ ಬಾ ಬಾ ಎಂದು ಕರೆದಿದ್ದೇನೆ, ಅವಳು ಹೊಸ್ತಿಲಿನ ಆಚೆಗೇ ಡಬ್ಬ ಇಳಿಸಿದ್ದಾಳೆ. ಒಳಗೆ ಬಾ ಎಂದು ಒಂದು ದಿನವೂ ನಾನು ಹೇಳಿಲ್ಲ.

ಅವಳು ಹೋದ ಮೇಲೆ ಮಧ್ಯಾಹ್ನ ಮೂರರ ಹೊತ್ತು. ಕರೆಂಟ್ ಇನ್ನೂ ಬಂದಿರಲಿಲ್ಲ. ಬೀದಿಯಲ್ಲಿ ಒಂದು ಹುಳವೂ ಇರಲಿಲ್ಲ. ತೌಡ ಹೊಸ್ತಿಲ ಬಳಿ ಮಲಗಿತ್ತು. ನಾನು ಕುರ್ಚಿಯಲ್ಲೇ ಕೂತು, ಖಾಲಿ ಬಾಗಿಲನ್ನು ನೋಡಿಕೊಂಡು, ಮೊದಲಿನ ದನಿಯಲ್ಲೇ "ಯಾರ್ರೀ?" ಎಂದೆ. ತೌಡ ಧಡಕ್ಕನೆ ಎದ್ದಿತು. ಕತ್ತಿನ ಕೂದಲು ನಿಗುರಿಸಿಕೊಂಡು, ಯಾರೂ ಇಲ್ಲದ ಬಾಗಿಲಿಗೆ ಹಲ್ಲು ಕಿರಿದು ಬೊಗಳಿತು. ಬೊಗಳಿ ಬೊಗಳಿ, ನಾನು ಏನಾದರೂ ಹೇಳುತ್ತೇನೇನೋ ಎಂದು ತಿರುಗಿ ನನ್ನ ಮುಖ ನೋಡಿತು. ಆಗ ನನಗೆ ಎಲ್ಲ ನೆನಪಾಯಿತು. ಹೀಗೆ ಬೊಗಳಿದಾಗಲೆಲ್ಲ ಶಹಬ್ಬಾಸ್ ಎಂದು ರೊಟ್ಟಿಯ ಚೂರು ಹಾಕಿದವನು ನಾನು. ಕಾರಿನಿಂದ ಇಳಿದವರಿಗೆ ಎದ್ದು ನಿಂತು ಬರ್ರಿ ಸ್ವಾಮಿ ಬರ್ರಿ ಎನ್ನುತ್ತಿದ್ದೆ, ಹರಿದ ಚಪ್ಪಲಿಗೆ, ಬುರ್ಖಾಕ್ಕೆ, ಹೆಲ್ಮೆಟ್ಟಿಗೆ ಯಾರ್ರೀ ಎನ್ನುತ್ತಿದ್ದೆ. ಗಿರಣಿ ಓಡುವಾಗ ನನ್ನ ದನಿ ಅದಕ್ಕೆ ಕೇಳಿಸುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಅದಕ್ಕೆ ಒಂದೇ ಆಗಿದ್ದರು. ಕಣ್ಣು ಹೋದ ಮೇಲೆ ನಾನು ಎಲ್ಲರಿಗೂ ಯಾರ್ರೀ ಎಂದೆ, ಅದು ಎಲ್ಲರಿಗೂ ಬೊಗಳಿತು. ಪಾಪದ ಪ್ರಾಣಿಗೆ ವಾಸನೆಯೂ ಗೊತ್ತಿಲ್ಲ, ಕುಲವೂ ಗೊತ್ತಿಲ್ಲ. ನನ್ನ ಒಂದು ಮಾತು ಗೊತ್ತು, ಅಷ್ಟೇ.

ಆ ಮಂಗಳವಾರ ಕರೆಂಟ್ ಇದ್ದು ಗಿರಣಿ ಓಡುತ್ತಿದ್ದರೆ ತೌಡ ಮಲಗಿಯೇ ಇರುತ್ತಿತ್ತು. ಹಾಗೆಂದು ಕರೆಂಟಿನ ಮೇಲೆ ತಪ್ಪು ಹೊರಿಸುವುದಿಲ್ಲ, ನಾಯಿಯ ಮೇಲೆ ಹೊರಿಸಿದ್ದೇ ಸಾಕು. ಉಳಿದವರನ್ನು ಕಾಣದೆ ಕೇಳಿದೆ, ಅರಿಯದೆ ಕೇಳಿದೆ. ತಿಮ್ಮೇಶ್ ಅವರನ್ನು ಮಾತ್ರ ಗೊತ್ತಿದ್ದೂ ಕೇಳಿದೆ. ನೀನು ಹೇಳಿದ ಮಾತಿನ ಅರ್ಥ ಅದು. ಎರಡು ವರ್ಷ ನನಗೆ ತಿಳಿಯಲಿಲ್ಲವೆಂದಲ್ಲ, ತಿಳಿದುಕೊಳ್ಳಲಿಲ್ಲ. ಬೊಗಳಿದ್ದು ನಾನು ತಂಗಿ. ಗಂಟಲು ಅದರದ್ದು. ತಪ್ಪಾಯಿತು. ನಿನ್ನ ಮುಂದೆ ತಗ್ಗುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ, ನಿನ್ನ ಹೇಲು ಉಚ್ಚೆ ಬಳಿದವನು ನಾನು. ಅವರ ಮುಂದೆ ತಗ್ಗುವುದು ಕಷ್ಟ, ಆದರೂ ತಗ್ಗುತ್ತೇನೆ.

ಈಗ ಹೊಸಬರು ಬಂದರೆ ಹೆಸರು ಕೇಳುವ ಮೊದಲು ಬರ್ರಿ ಎನ್ನುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಹೆಸರು ಆಮೇಲೆ ಕೇಳಿದರೂ ಆಗುತ್ತದೆ. ಮೊನ್ನೆ ಒಬ್ಬ ಬೀಗ ರಿಪೇರಿಯವನು ಬಂದ, ಬಾರಪ್ಪ ಎಂದೆ, ತೌಡ ಅವನ ಕೈಚೀಲ ಮೂಸಿ ಮಲಗಿತು. ಚೌಡಕ್ಕ ಡಬ್ಬವನ್ನು ಈಗ ಒಳಗೇ ಇಳಿಸುತ್ತಾಳೆ. ಮೊದಲ ದಿನ ಅವಳಿಗೂ ನನಗೂ ಎಲ್ಲಿ ನೋಡಬೇಕೋ ತಿಳಿಯದೆ ಇಬ್ಬರೂ ಬೆಲ್ಟ್ ನೋಡಿದೆವು.

ನಿನಗೆ ಒಳ್ಳೆಯದಾಗಲಿ. ಅವ್ವ ಹರಕೆ ಹೊತ್ತು ಹೆಸರಿಟ್ಟ ತಾಯಿ ನಿನ್ನನ್ನೂ ಹೊಟ್ಟೆಯ ಕೂಸನ್ನೂ ಕಾಯಲಿ. ಭಾರ ಎತ್ತಬೇಡ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಡ. ತಿಮ್ಮೇಶ್ ಅವರಿಗೆ ನನ್ನ ನಮಸ್ಕಾರ ತಿಳಿಸು, ಕಂಬ ಹತ್ತುವಾಗ ಜೋಪಾನ ಎಂದು ಹೇಳು.

ನಿನ್ನ ಅಣ್ಣ,
ಬೆನಕಪ್ಪ

ವಿ.ಸೂ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಏಳನೇ ತಿಂಗಳಲ್ಲಿ ತವರಿನವರು ಬಂದು ಕುಬಸ ಮಾಡಬೇಕು. ನಿನಗೆ ತವರು ಎಂದರೆ ನಾನೊಬ್ಬನೇ. ಹಸಿರು ಸೀರೆ, ಹಸಿರು ಬಳೆ ತಂದಿಟ್ಟಿದ್ದೇನೆ, ಬಳೆಯ ಅಳತೆ ಚೌಡಕ್ಕನ ಅಂದಾಜು. ಐದು ಸೇರು ಬಿಳಿಜೋಳ ಬೀಸಿಟ್ಟಿದ್ದೇನೆ, ಅದು ಅವರ ಚೀಲದ ಬದಲಿಗೆ. ಬರುವ ಭಾನುವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ನಿಮ್ಮ ಬಾಗಿಲಲ್ಲೂ ಒಂದು ನಾಯಿ ಬಂದು ಸೇರಿಕೊಂಡಿದೆಯಂತೆ, ಅದಕ್ಕೆ ನಾನು ಹೊಸಬ. ನಾನು ಗೇಟಿನ ಹತ್ತಿರವೇ ನಿಲ್ಲುತ್ತೇನೆ. ನೀನು ಹೊರಗೆ ಬಂದು ಯಾರ್ರೀ ನೀವು ಎಂದು ಕೇಳಿದರೆ ನನಗೆ ಬೇಸರವಿಲ್ಲ, ಕೇಳುವ ಹಕ್ಕು ನಿನಗಿದೆ, ಚೀಲ ಗೇಟಿನ ಒಳಗಿಟ್ಟು ಅದೇ ಬಸ್ಸಿಗೆ ಹಿಂದಿರುಗುತ್ತೇನೆ. ಕೇಳದಿದ್ದರೆ, ಆ ನಾಯಿಗೆ ಕೇಳಿಸುವ ಹಾಗೆ ಸ್ವಲ್ಪ ಗಟ್ಟಿಯಾಗಿ 'ಬಾ ಅಣ್ಣ' ಅನ್ನು.